ಸಣ್ಣ ಜಮೀನಿಗೆ ಹಳೇ ಟ್ರ್ಯಾಕ್ಟರ್: ಬಾನೆಟ್ ಬಿಡಿ, ಹಿಂದಿನಿಂದ ನೋಡಿ

ಹಳೇ ಟ್ರ್ಯಾಕ್ಟರ್ ನೋಡಲು ಹೋದವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಬಾನೆಟ್ ಎತ್ತಿಸಿ, ಸ್ಟಾರ್ಟ್ ಮಾಡಿಸಿ, ತಲೆ ಓರೆ ಮಾಡಿ ಎಂಜಿನ್ ಸದ್ದು ಕೇಳುವುದು. ಮಾರುವವರಿಗೂ ಅದು ಗೊತ್ತು. ಅದಕ್ಕೇ ಎಂಜಿನ್ ತೊಳೆದು ಹೊಳೆಯುತ್ತಿರುತ್ತದೆ, ಬಾನೆಟ್‌ಗೆ ಹೊಸ ಬಣ್ಣ ಬಿದ್ದಿರುತ್ತದೆ. ನಾನು ಹಿಂದಿನಿಂದ ಶುರು ಮಾಡುತ್ತೇನೆ. ಉಪಕರಣ ಎತ್ತುವ ಲಿಫ್ಟ್, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಮುಟ್ಟಿಸುವ ತಿರುಗುವ ಶಾಫ್ಟು ಅಂದರೆ ಪಿಟಿಒ, ಗೇರ್‌ಬಾಕ್ಸ್, ಬ್ರೇಕ್, ಆಮೇಲೆ ಕ್ಲಚ್. ಸಣ್ಣ ಜಮೀನಿನಲ್ಲಿ ಟ್ರ್ಯಾಕ್ಟರ್ ಮಾಡುವ ಕೆಲಸವೆಲ್ಲ ಹಿಂಭಾಗದ್ದೇ ಅಲ್ವಾ? ಹುಲ್ಲು ಕೊಯ್ಯುವುದು, ರೋಟವೇಟರ್ ಹೊಡೆಯುವುದು, ಗೊಬ್ಬರ ಸಾಗಿಸುವುದು, ಗುಂಡಿ ತೋಡುವುದು, ದಾರಿ ಸಮ ಮಾಡುವುದು. ಎಂಜಿನ್ ಸ್ವಲ್ಪ ಸುಸ್ತಾಗಿದ್ದರೂ ಇವೆಲ್ಲ ಹೇಗೋ ನಡೆಯುತ್ತವೆ. ಲಿಫ್ಟ್ ನಿಲ್ಲದಿದ್ದರೆ, ಕ್ಲಚ್ ಜಾರಿದರೆ ಒಂದೂ ನಡೆಯುವುದಿಲ್ಲ.

ಎಂಜಿನ್ ಮುಖ್ಯ ಅಲ್ಲ ಅಂತಲ್ಲ. ಆದರೆ ಹೆಚ್ಚು ಮಾರಾಟವಾದ ಮಾಡೆಲ್ ಆದರೆ ಪಿಸ್ಟನ್, ರಿಂಗು, ಲೈನರ್, ಬೇರಿಂಗು ಎಲ್ಲ ಸೆಟ್ಟಾಗಿ ಸಿಗುತ್ತವೆ. ಡೀಸೆಲ್ ಕೆಲಸ ಬಲ್ಲವರು ಬಿಚ್ಚಿ ಕೂರಿಸುತ್ತಾರೆ. ಕ್ಲಚ್ ಪ್ಲೇಟ್ ಬದಲಿಸುವುದು ಹಾಗಲ್ಲ. ಅದಕ್ಕೆ ಇಡೀ ಗಾಡಿಯನ್ನು ನಡುವೆ ಎರಡು ಭಾಗವಾಗಿ ಬಿಡಿಸಬೇಕು. ಪ್ಲೇಟಿಗಿಂತ ಕೂಲಿಯೇ ಜಾಸ್ತಿ ಆಗುವುದುಂಟು. ಗೇರ್‌ಬಾಕ್ಸಿನ ಒಳಗಿನ ಒಂದು ಹಲ್ಲು ಮುರಿದರೂ ಅದೇ ಕಥೆ.

ನಾನು ಮೆಕ್ಯಾನಿಕ್ ಅಲ್ಲ. ನನ್ನದೂ ಸಣ್ಣ ಜಮೀನು. ಒಂದಿಷ್ಟು ಹಣ್ಣಿನ ಮರ, ಒಂದಿಷ್ಟು ತರಕಾರಿ ಪಟ್ಟೆ, ಉಳಿದದ್ದು ಹುಲ್ಲು. ನನ್ನ ಟ್ರ್ಯಾಕ್ಟರ್ ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅದನ್ನು ಬಿಚ್ಚಿ ಜೋಡಿಸಿ ಕಲಿತದ್ದೇ ನನ್ನ ವಿದ್ಯೆ. ಈಗ ಸುತ್ತಲಿನವರು ಗಾಡಿ ನೋಡಲು ಹೊರಟರೆ ನನ್ನನ್ನೂ ಕರೆಯುತ್ತಾರೆ. ಒಂದು ಚೀಲ ಯಾವಾಗಲೂ ಸಿದ್ಧ ಇರುತ್ತದೆ: ಟಾರ್ಚು, ಅಳತೆ ಟೇಪು, ಸೀಮೆಸುಣ್ಣ, ಬಿಳಿ ಬಟ್ಟೆ ಚೂರು, ಬ್ಯಾಟರಿ ನೋಡುವ ಮೀಟರ್, ಹಳೇ ಅಂಗಿ. ಹಳೇ ಅಂಗಿ ಯಾಕೆ ಅಂದರೆ, ಗಾಡಿಯ ಕೆಳಗೆ ಮಲಗದೆ ವಾಪಸ್ ಬಂದರೆ ನೋಡಿದ ಹಾಗೇ ಅಲ್ಲ.

ಗಾಡಿಗಿಂತ ಮೊದಲು ನಿಮ್ಮ ಗೇಟು

ಜಾಹೀರಾತು ನೋಡುವ ಮುಂಚೆ ಟೇಪು ಹಿಡಿದು ನಿಮ್ಮ ಜಮೀನು ಸುತ್ತಿ. ಗೇಟಿನ ಅಗಲ, ಮರದ ಸಾಲುಗಳ ನಡುವಿನ ಜಾಗ, ಬಾಗಿದ ಕೊಂಬೆಗಳ ಎತ್ತರ, ಶೆಡ್ಡಿನ ಬಾಗಿಲು, ಸಾಲಿನ ಕೊನೆಯಲ್ಲಿ ತಿರುಗಿಸಲು ಇರುವ ಜಾಗ. ಇವನ್ನು ಬರೆದಿಟ್ಟುಕೊಳ್ಳಿ. ಮೇಲಕ್ಕೆ ನಿಂತ ಸೈಲೆನ್ಸರ್ ಮರಗಳ ನಡುವೆ ಎಷ್ಟು ಕಾಟ ಕೊಡುತ್ತದೆ ಅನ್ನುವುದು ಮೊದಲ ಮಳೆಗಾಲ ಕಳೆದ ಮೇಲೆ ಗೊತ್ತಾಗುತ್ತದೆ, ಕೊಂಬೆಗಳು ಚಿಗುರಿ ಕೆಳಗೆ ಬಂದಾಗ.

ಆಮೇಲೆ ನಿಮಗೆ ಬೇಕಾದ ಕೆಲಸಗಳಲ್ಲಿ ಅತಿ ಭಾರದ್ದು ಯಾವುದು ಅಂತ ನೋಡಿ. ಎಚ್‌ಪಿ ಲೆಕ್ಕ ಅಲ್ಲಿಂದ ಬರಬೇಕು. ಬ್ಲೇಡು ತಿರುಗಿ ಹುಲ್ಲು, ಪೊದೆ ಕತ್ತರಿಸುವ ಮೋವರ್‌ಗೆ ಅಗಲದ ಪ್ರತಿ ಅಡಿಗೆ ಪಿಟಿಒದಲ್ಲಿ ಸುಮಾರು 5 ಎಚ್‌ಪಿ ಬೇಕು ಅನ್ನುವುದು ರೂಢಿಯ ಲೆಕ್ಕ. 5 ಅಡಿ ಮೋವರ್ ಆದರೆ 25. ಗಮನಿಸಿ, ಇದು ಪಿಟಿಒಗೆ ಬಂದು ಮುಟ್ಟುವ ಶಕ್ತಿ. ಬಾನೆಟ್ ಮೇಲೆ ಬರೆದಿರುವುದು ಸಾಮಾನ್ಯವಾಗಿ ಎಂಜಿನ್ನಿನದು. ಹಿಂದಕ್ಕೆ ಬರುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ದಾರಿಯಲ್ಲೇ ಹೋಗಿರುತ್ತದೆ. ಕೆಲವೇ ಎಕರೆ ಇರುವವರಿಗೆ 20ರಿಂದ 40 ಎಚ್‌ಪಿ ಒಳಗೆ ಎಲ್ಲ ಮುಗಿಯುತ್ತದೆ. ಅದಕ್ಕಿಂತ ದೊಡ್ಡದು ಅಗ್ಗಕ್ಕೆ ಸಿಕ್ಕರೂ ನಾನು ಬೇಡ ಅನ್ನುತ್ತೇನೆ. ದೊಡ್ಡ ಗಾಡಿಯ ಭಾರ ಒದ್ದೆ ನೆಲವನ್ನು ಒತ್ತಿ ಗಟ್ಟಿ ಮಾಡುತ್ತದೆ, ಟೈರು ದುಬಾರಿ, ತಿರುಗಿಸುವ ಜಾಗಕ್ಕೇ ಅರ್ಧ ಪಟ್ಟೆ ಹೋಗುತ್ತದೆ.

ಇನ್ನೊಂದು ಮಾತು ಯಾರೂ ಕೇಳುವುದಿಲ್ಲ: ಅತಿ ನಿಧಾನದ ಗೇರು ಎಷ್ಟು ನಿಧಾನ? ರೋಟವೇಟರ್‌ಗೆ ಎಂಜಿನ್ ವೇಗವಾಗಿ ತಿರುಗಬೇಕು, ಗಾಡಿ ಮಾತ್ರ ನಿಧಾನ ಹೋಗಬೇಕು. ನಾಲ್ಕೇ ಗೇರಿನ ತುಂಬಾ ಹಳೇ ಮಾಡೆಲ್‌ಗಳಲ್ಲಿ ಒಂದನೇ ಗೇರೂ ಈ ಕೆಲಸಕ್ಕೆ ಜೋರು. ಹೈ, ಲೋ ಅಂತ ಎರಡು ಸಾಲು ಗೇರು ಇರುವುದನ್ನು ನೋಡಿ. ಪಕ್ಕದಲ್ಲಿ ಆರಾಮಾಗಿ ನಡೆಯುತ್ತಾ ಹೋಗುವುದಕ್ಕಿಂತಲೂ ನಿಧಾನ ಇರಬೇಕು.

ಲಿಫ್ಟ್

ಮೂರು ಕಡೆ ಪಿನ್ನು ಹಾಕಿ ಉಪಕರಣ ಜೋಡಿಸುವ ಈ ಪದ್ಧತಿ ಗೆದ್ದದ್ದು ಎಂಜಿನಿಯರ್ ಹ್ಯಾರಿ ಫರ್ಗುಸನ್‌ನಿಂದ. 1938ರಲ್ಲಿ ಆತ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡ. ಮರುವರ್ಷವೇ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಮುಂದೆ ಫರ್ಗುಸನ್ ಹೆಸರಿನಲ್ಲೇ ಬಂದ ಟಿಇ20, 1946ರಿಂದ 1956ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಸುಮಾರು 1.1 ಟನ್ ತೂಗುವ ಈ ಪುಟ್ಟ ಗಾಡಿ ಈಗಲೂ ಮಾರಾಟಕ್ಕೆ ಕಾಣಿಸುತ್ತದೆ, ನೋಡಲು ತುಂಬಾ ಮುದ್ದು. ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ಅದರ ಲಿಫ್ಟ್ ಮಾಡಿದ್ದು ನೇಗಿಲಿಗಾಗಿ. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಿ ಎಳೆತ ಜಾಸ್ತಿಯಾದರೆ ಲಿಫ್ಟ್ ತಾನೇ ಸ್ವಲ್ಪ ಎತ್ತುತ್ತದೆ. ಆದರೆ ಉಪಕರಣವನ್ನು ಇಷ್ಟೇ ಎತ್ತರದಲ್ಲಿ ಹಿಡಿದಿಡು ಅಂದರೆ ಅದಕ್ಕೆ ಬರುವುದಿಲ್ಲ. ಆ ಸೌಲಭ್ಯಕ್ಕೆ ಪೊಸಿಷನ್ ಕಂಟ್ರೋಲ್ ಅನ್ನುತ್ತಾರೆ. ಅದಿಲ್ಲದೆ ಹುಲ್ಲು ಕೊಯ್ಯುವವರು ಮೋವರನ್ನು ಸರಪಣಿಯಲ್ಲಿ ನೇತುಹಾಕಿಕೊಂಡು ಸುಧಾರಿಸುತ್ತಾರೆ. ಉಳುವುದಕ್ಕಿಂತ ಕೊಯ್ಯುವುದೇ ಜಾಸ್ತಿ ಇದ್ದರೆ ಪೊಸಿಷನ್ ಕಂಟ್ರೋಲ್ ಇರುವ ಗಾಡಿಯನ್ನೇ ಹುಡುಕಿ. ನೋಡುವುದು ಸುಲಭ. ಲಿವರನ್ನು ಮಧ್ಯಕ್ಕೆ ತಂದು ಬಿಡಿ. ತೋಳುಗಳು ಮಧ್ಯದಲ್ಲೇ ನಿಲ್ಲಬೇಕು. ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಮಾತ್ರ ಹೋಗುತ್ತಿದ್ದರೆ ಒಂದೋ ಆ ಸೌಲಭ್ಯ ಇಲ್ಲ, ಇಲ್ಲವೇ ಕೆಟ್ಟಿದೆ.

ಬರೀ ತೋಳು ಎತ್ತಿ ತೋರಿಸಿದರೆ ನಂಬಬೇಡಿ. ಭಾರ ಇಲ್ಲದೆ ಯಾವ ಲಿಫ್ಟೂ ಎತ್ತುತ್ತದೆ. ಬರುವ ಮುಂಚೆಯೇ ಫೋನಿನಲ್ಲಿ ಹೇಳಿ: ಇರುವುದರಲ್ಲಿ ಭಾರದ ಉಪಕರಣ ಜೋಡಿಸಿಡಿ. ಏನೂ ಇಲ್ಲ ಅಂದರೆ ಯಾರ ಹತ್ತಿರವಾದರೂ ತರಿಸಿದ ಮೇಲೆಯೇ ಹೋಗಿ. ಎತ್ತಿಸಿ. ಎಂಜಿನ್ ನಿಲ್ಲಿಸಿ. ತೋಳು ಇರುವ ಎತ್ತರಕ್ಕೆ ಸರಿಯಾಗಿ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬೇರೆ ಕಡೆ ನೋಡಲು ಹೋಗಿ. ಹತ್ತು ನಿಮಿಷ ಬಿಟ್ಟು ಬಂದಾಗ ಒಂದೆರಡು ಬೆರಳು ಇಳಿದಿದ್ದರೆ ಹಳೇ ಗಾಡಿಗೆ ಅದು ಸಹಜ. ನೀವು ನೋಡುತ್ತಿರುವಾಗಲೇ ಸರ್ರನೆ ನೆಲ ಮುಟ್ಟಿದರೆ ಒಳಗಿನ ಸೀಲು ಅಥವಾ ವಾಲ್ವು ಹೋಗಿದೆ. ಎಂಜಿನ್ ಓಡುತ್ತಿರುವಾಗ ಎತ್ತಿದ ಉಪಕರಣ ತಾಳ ಹಾಕಿದ ಹಾಗೆ ಮೇಲೆ ಕೆಳಗೆ ಕುಣಿಯುತ್ತಿದೆಯಾ ಅಂತಲೂ ನೋಡಿ. ಆಯಿಲ್ ಒಳಗೇ ಸೋರಿ ತೋಳು ಇಳಿಯುತ್ತದೆ, ವಾಲ್ವು ಮತ್ತೆ ಎತ್ತುತ್ತದೆ, ಮತ್ತೆ ಇಳಿಯುತ್ತದೆ. ಅದರ ಕುಣಿತ ಅದು. ಇದಿಷ್ಟನ್ನೂ ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಇನ್ನೊಮ್ಮೆ ಮಾಡಿ. ಬಿಸಿಗೆ ಆಯಿಲ್ ತೆಳುವಾದಾಗಲೇ ನಿಜ ಹೊರಬರುವುದು. ಎತ್ತಿದ ಉಪಕರಣದ ಕೆಳಗೆ ಮಾತ್ರ ಕಾಲು, ಕೈ, ತಲೆ ಯಾವುದನ್ನೂ ಇಡಬೇಡಿ.

ಪಿನ್ನಿನ ಅಳತೆ ನೋಡುವುದನ್ನು ಮರೆಯಬೇಡಿ. ಸಣ್ಣ ಜಮೀನಿನ ಉಪಕರಣ ಬಹುತೇಕ ಕೆಟಗರಿ 1. ಕೆಳ ತೋಳಿನ ಪಿನ್ನು 22 ಮಿ.ಮೀ., ಮೇಲಿನ ನಡು ತೋಳಾದ ಟಾಪ್ ಲಿಂಕಿನದು 19 ಮಿ.ಮೀ. ಕೆಟಗರಿ 2 ಆದರೆ 28 ಮತ್ತು 25. ತೋಳಿನ ತುದಿಯ ಗುಂಡು ಸವೆದು ತೂತು ಮೊಟ್ಟೆ ಆಕಾರಕ್ಕೆ ಬಂದಿದ್ದರೆ ಗಾಡಿ ಬಹಳ ದುಡಿದಿದೆ ಅಂತ ಅರ್ಥ. ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಮೀಟರ್ ಏನೇ ಹೇಳಲಿ.

ಪಿಟಿಒ: ಶಾಫ್ಟಿಗಿಂತ ಮುಖ್ಯ ಅದು ಯಾವಾಗ ನಿಲ್ಲುತ್ತದೆ ಅನ್ನುವುದು

ಸಾಮಾನ್ಯವಾಗಿ ಕಾಣುವುದು ಸುಮಾರು 35 ಮಿ.ಮೀ. ದಪ್ಪದ, ಆರು ಹಲ್ಲಿನ, ನಿಮಿಷಕ್ಕೆ 540 ಸುತ್ತಿನ ಶಾಫ್ಟು. ನಿಮಿಷಕ್ಕೆ 540 ಅಂದರೆ ಸೆಕೆಂಡಿಗೆ 9 ಸುತ್ತು. ಪಂಚೆ ತುದಿಯೋ ಸೆರಗೋ ಸಿಕ್ಕರೆ ಬಿಡಿಸಿಕೊಳ್ಳಲು ಹೊತ್ತೇ ಇರುವುದಿಲ್ಲ. ಶಾಫ್ಟಿನ ಮೇಲಿನ ತಗಡಿನ ಕವಚ ಕಿತ್ತುಹಾಕಿದ್ದರೆ ಹೊಸದು ಹಾಕಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಂಜಿನ್ ನಿಲ್ಲಿಸಿ, ಹಲ್ಲುಗಳ ಮೇಲೆ ಬೆರಳು ಆಡಿಸಿ. ಮಧ್ಯದಲ್ಲಿ ಮೆಟ್ಟಿಲಿನ ಹಾಗೆ ತಗ್ಗು ಸಿಕ್ಕರೆ ಸವೆದಿದೆ. ಸುತ್ತಲಿನ ಸೀಲಿನಿಂದ ಆಯಿಲ್ ಜಿನುಗುತ್ತಿದೆಯಾ ನೋಡಿ. ಸೀಲು ಸಣ್ಣ ಖರ್ಚು. ಶಾಫ್ಟು ಮೇಲೆ ಕೆಳಗೆ ಅಲ್ಲಾಡಿದರೆ ಬೇರಿಂಗು, ಅದು ದೊಡ್ಡ ಖರ್ಚು.

ಈಗ ನಿಜವಾದ ಪ್ರಶ್ನೆ. ಕ್ಲಚ್ ಒತ್ತಿದರೆ ಪಿಟಿಒ ಏನು ಮಾಡುತ್ತದೆ? ಇದರಲ್ಲಿ ಮೂರು ಬಗೆ. ತುಂಬಾ ಹಳೆಯದರಲ್ಲಿ ಕ್ಲಚ್ ಒತ್ತಿದ ಕೂಡಲೇ ಗಾಡಿಯೂ ನಿಲ್ಲುತ್ತದೆ, ಪಿಟಿಒ ಕೂಡ ನಿಲ್ಲುತ್ತದೆ. ದಟ್ಟ ಹುಲ್ಲಿನಲ್ಲಿ ಮೋವರ್ ಸಿಕ್ಕಿಕೊಂಡಾಗ ಗಾಡಿ ನಿಲ್ಲಿಸಿ ಬ್ಲೇಡಿಗೆ ಉಸಿರಾಡಲು ಬಿಡೋಣ ಅಂದರೆ ಆಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಭಾರದ ಬ್ಲೇಡು ತಿರುಗುತ್ತಲೇ ಇರುತ್ತದೆ. ಆ ರಭಸ ಶಾಫ್ಟಿನ ಮೂಲಕ ಗೇರ್‌ಬಾಕ್ಸಿಗೆ ಬಂದು ಚಕ್ರವನ್ನು ತಳ್ಳುತ್ತದೆ. ನೀವು ಕ್ಲಚ್ ಒತ್ತಿಯೇ ಇರುತ್ತೀರಿ, ಗಾಡಿ ಬೇಲಿ ಕಡೆ ಹೋಗುತ್ತಲೇ ಇರುತ್ತದೆ. ಇಂಥ ಗಾಡಿ ಕೊಂಡರೆ ಶಾಫ್ಟಿಗೆ ಓವರ್‌ರನ್ನಿಂಗ್ ಕ್ಲಚ್ ಅನ್ನುವ ತುಂಡು ಹಾಕದೆ ಮೋವರ್ ಕಟ್ಟಬೇಡಿ. ಅದು ಶಕ್ತಿಯನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ವಾಪಸ್ ಬಿಡುವುದಿಲ್ಲ.

ಎರಡನೆಯದು ಎರಡು ಹಂತದ ಕ್ಲಚ್. ಪೆಡಲ್ ಅರ್ಧ ಒತ್ತಿದರೆ ಚಕ್ರ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಿಟಿಒ ನಿಲ್ಲುತ್ತದೆ. ಮೂರನೆಯದರಲ್ಲಿ ಪಿಟಿಒಗೆ ಅದರದ್ದೇ ಲಿವರ್ ಅಥವಾ ಸ್ವಿಚ್ಚು ಇರುತ್ತದೆ, ಪೆಡಲಿಗೂ ಅದಕ್ಕೂ ಸಂಬಂಧ ಇಲ್ಲ. ಹುಲ್ಲು, ರೋಟವೇಟರ್ ಕೆಲಸಕ್ಕೆ ಎರಡನೆಯದಾದರೂ ಇರಲಿ ಅನ್ನುವುದು ನನ್ನ ಹಟ. ಮಾರುವವರ ಮಾತಿಗಿಂತ ಪರೀಕ್ಷೆ ಮಾಡಿಯೇ ತಿಳಿಯಿರಿ. ಪಿಟಿಒ ಹಾಕಿ, ನಿಧಾನದ ಗೇರಿನಲ್ಲಿ ಹೊರಡಿ, ಅರ್ಧ ಒತ್ತಿ. ಆಮೇಲೆ ಪೂರ್ತಿ.

ಗೇರ್‌ಬಾಕ್ಸ್ ಆಯಿಲ್ ತೆಗೆದು ನೋಡಿ

ಒಮ್ಮೆ ಪಕ್ಕದ ಜಮೀನಿನ ಅಕ್ಕನ ಜೊತೆ ಒಂದು ಗಾಡಿ ನೋಡಲು ಹೋಗಿದ್ದೆ. ಬಣ್ಣ ಚೆಂದ, ಟೈರು ಚೆಂದ, ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಅಕ್ಕ ಆಗಲೇ ಸೀಟಿನ ಮೇಲೆ ಕೂತಾಗಿತ್ತು. ನಾನು ಗೇರ್‌ಬಾಕ್ಸಿನ ಆಯಿಲ್ ನೋಡುವ ಕಡ್ಡಿ ತೆಗೆದು ಬಿಳಿ ಬಟ್ಟೆಗೆ ಒರೆಸಿದೆ. ಹಾಲು ಬೆರೆಸಿದ ಹಾಗೆ ಬೆಳ್ಳಗೆ ಬಂತು.

"ಇದೇನಣ್ಣ?" ಅಂತ ಮಾರುವವರನ್ನು ಕೇಳಿದೆ.

"ಅದು ಹಂಗೇ ಇರ್ತದೆ ಬಿಡಿ, ಹಳೇ ಗಾಡಿ ಅಲ್ವಾ," ಅಂದರು.

ಹಾಗೆ ಇರಬಾರದು. ಬೆಳ್ಳಗಾಗಿದೆ ಅಂದರೆ ಆಯಿಲ್‌ಗೆ ನೀರು ಸೇರಿದೆ. ಆ ಗಾಡಿಯ ಗೇರ್ ಲಿವರಿನ ಬುಡದ ರಬ್ಬರು ಹರಿದಿತ್ತು. ಹೊರಗೆ ನಿಂತು ನಿಂತು ಮಳೆ ಅಲ್ಲಿಂದಲೇ ಇಳಿದಿತ್ತು. ಮ್ಯಾಸ್ಸಿ ಫರ್ಗುಸನ್ 35, 135ರಂಥ ಹಲವು ಗಾಡಿಗಳಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಆಯಿಲ್, ಲಿಫ್ಟಿನ ಪಂಪು ಆ ಆಯಿಲ್ ಒಳಗೇ ಕೂತಿರುತ್ತದೆ. ನೀರು ಬೆರೆತರೆ ಬೇರಿಂಗಿನ ಜೊತೆ ಪಂಪಿಗೂ ತುಕ್ಕು. ನೀರು ಸೇರಿ ಎಷ್ಟು ಕಾಲವಾಯಿತು ಅನ್ನುವುದು ಹೊರಗಿನಿಂದ ತಿಳಿಯುವುದಿಲ್ಲ. ಇತ್ತೀಚೆಗೆ ಆಗಿದ್ದರೆ ಆಯಿಲ್ ಬದಲಿಸಿದರೆ ಸಾಕು, ಮೂರು ವರ್ಷದಿಂದ ಹಾಗೇ ಇದ್ದರೆ ಬಿಚ್ಚಲೇಬೇಕು. ಆ ದಿನ ಅಕ್ಕ ಸೀಟಿನಿಂದ ಇಳಿದು ಬಂದರು. ಅವರು ಕೊನೆಗೆ ಕೊಂಡದ್ದು ಬಣ್ಣ ಮಾಸಿದ, ಮಡ್‌ಗಾರ್ಡ್ ಸೊಟ್ಟಗಾದ, ಆಯಿಲ್ ಜೇನು ಬಣ್ಣಕ್ಕಿದ್ದ ಇನ್ನೊಂದು.

ಸಣ್ಣ ಜಮೀನಿನಿಂದ ಮಾರಾಟಕ್ಕೆ ಬರುವ ಗಾಡಿಗಳ ನಿಜವಾದ ಕಾಯಿಲೆ ಇದೇ. ದುಡಿದು ಸವೆದದ್ದಕ್ಕಿಂತ ಸುಮ್ನೆ ನಿಂತು ಕೆಟ್ಟದ್ದು ಜಾಸ್ತಿ. ಹಾಗಾಗಿ "ತುಂಬಾ ಕಡಿಮೆ ಓಡಿದೆ" ಅಂದ ಕೂಡಲೇ ನಾನು ಖುಷಿಪಡುವುದಿಲ್ಲ. ಎಲ್ಲಿ ನಿಂತಿತ್ತು, ಮೇಲೆ ಚಾವಣಿ ಇತ್ತಾ ಅಂತ ಕೇಳುತ್ತೇನೆ. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ತುಕ್ಕು, ಕೆಸರು ನೋಡುತ್ತೇನೆ. ವೈರುಗಳನ್ನು ಇಲಿ ಕಡಿದಿದೆಯಾ ಅಂತ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕುತ್ತೇನೆ.

ಗಂಟೆ ತೋರಿಸುವ ಮೀಟರಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಹಳೇ ಗಾಡಿಗಳಲ್ಲಿ ಅದು ಕೇಬಲಿನಿಂದ ಓಡುತ್ತದೆ, ಎಂಜಿನ್ ನಿಗದಿತ ವೇಗದಲ್ಲಿ ತಿರುಗಿದಾಗ ಮಾತ್ರ ಅದರ ಒಂದು ಗಂಟೆ ನಮ್ಮ ಒಂದು ಗಂಟೆಗೆ ಸಮ. ನಿಧಾನಕ್ಕೆ ಓಡಿದರೆ ಕಡಿಮೆ ತೋರಿಸುತ್ತದೆ. ಕೇಬಲ್ ತುಂಡಾದರೆ ಏನೂ ತೋರಿಸುವುದಿಲ್ಲ. ಅದರ ಬದಲು ಕ್ಲಚ್ ಪೆಡಲಿನ ಸವೆತ, ಸ್ಟೇರಿಂಗ್ ಚಕ್ರದ ನುಣುಪು, ಟ್ರೇಲರ್ ಎಳೆಯುವ ಡ್ರಾಬಾರಿನ ತೂತು ಎಷ್ಟು ಅಗಲವಾಗಿದೆ ಅನ್ನುವುದನ್ನು ನೋಡಿ.

ಕ್ಲಚ್, ಗೇರು, ಬ್ರೇಕು

ಕ್ಲಚ್ಚಿಗೆ ಪರೀಕ್ಷೆ ಸರಳ. ಎದುರಿಗೆ ಬಯಲು ಇರಲಿ, ಯಾರೂ ನಿಂತಿರಬಾರದು. ಮೇಲಿನ ಗೇರು ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಮುಗ್ಗರಿಸಿ ನಿಲ್ಲಬೇಕು. ನಿಲ್ಲದೆ ತನ್ನ ಪಾಡಿಗೆ ಓಡುತ್ತಿದ್ದರೆ ಕ್ಲಚ್ ಜಾರುತ್ತಿದೆ. ಒಂದೇ ಸಲ ಮಾಡಿ, ಪದೇ ಪದೇ ಮಾಡಿದರೆ ಒಳ್ಳೇ ಕ್ಲಚ್ಚೂ ಸುಡುತ್ತದೆ. ಆಮೇಲೆ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಕೆಳಗೆ ಮಲಗಿ ನೋಡಿ. ಹಲವು ಗಾಡಿಗಳಲ್ಲಿ ಅಲ್ಲೊಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಎಂಜಿನ್ನಿನ ಹಿಂದಿನ ಸೀಲೋ ಗೇರ್‌ಬಾಕ್ಸಿನ ಮುಂದಿನ ಸೀಲೋ ಹೋಗಿದೆ. ಎರಡಕ್ಕೂ ಗಾಡಿ ಬಿಡಿಸಬೇಕು. ಆ ತೂತಿಗೆ ಯಾರೋ ಗಮ್ಮು ಮೆತ್ತಿ ಮುಚ್ಚಿದ್ದರೆ ನಾನು ಅಲ್ಲಿಂದಲೇ ಮನೆಗೆ ಹೊರಡುತ್ತೇನೆ.

ಎಲ್ಲ ಗೇರಿನಲ್ಲೂ ಓಡಿಸಿ, ಹಿಂದಕ್ಕೂ. ಇಳಿಜಾರಿನಲ್ಲಿ ಆಕ್ಸಿಲೇಟರ್ ಬಿಟ್ಟಾಗ ಗೇರು ತಾನೇ ನ್ಯೂಟ್ರಲ್ಲಿಗೆ ಜಿಗಿದರೆ ಅಂಥ ಗಾಡಿ ಸಮತಟ್ಟು ನೆಲದಲ್ಲೂ ಬೇಡ.

ಬ್ರೇಕಿಗೆ ಎಡ ಬಲ ಪೆಡಲ್ ಬೇರೆ ಬೇರೆ ಒತ್ತಿ ನೋಡಿ. ಎರಡೂ ಗಾಡಿಯನ್ನು ಒಂದೇ ಥರ ತಿರುಗಿಸಬೇಕು. ಹಿಂದಿನ ಚಕ್ರದ ಒಳಮೈ ಮೇಲೆ ಟಾರ್ಚು ಬಿಡಿ. ಆಯಿಲ್ ಇಳಿದು ಧೂಳು ಕಪ್ಪಾಗಿ ಮೆತ್ತಿದ್ದರೆ ಎಕ್ಸಲಿನ ಸೀಲು ಸೋರುತ್ತಿದೆ, ಬ್ರೇಕಿನೊಳಗೂ ಆಯಿಲ್ ಹೋಗಿರಬಹುದು.

ಈಗ ಎಂಜಿನ್

ಎಂಜಿನ್ ತಣ್ಣಗಿರಬೇಕು. "ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿ. ಹೋದ ಕೂಡಲೇ ಮಾತಾಡುತ್ತಲೇ ಎಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ, ತಣ್ಣಗಿದ್ದಾಗ ಶುರುವಾಗಲು ಅದಕ್ಕೆ ಕಷ್ಟ ಇರಬಹುದು ಅಂತ ಅನುಮಾನಪಡಿ. ಶುರುವಾದ ಮೇಲೆ ಹೊಗೆ ನೋಡಿ. ತಣ್ಣಗಿದ್ದಾಗ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ತೊಂದರೆ ಇಲ್ಲ. ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ರೇಡಿಯೇಟರಿನ ನೀರು ಒಳಗೆ ಹೋಗುತ್ತಿದೆ. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಭಾರ ಬಿದ್ದಾಗ ದಟ್ಟ ಕಪ್ಪು ಅಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿ ಬೀಳುತ್ತಿದೆ. ಇದು ಕೆಲವೊಮ್ಮೆ ಫಿಲ್ಟರ್ ತೊಳೆದರೆ ಹೋಗುತ್ತದೆ.

ಗಾಡಿ ಬಿಸಿಯಾಗಿ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಜೋಪಾನವಾಗಿ ತೆಗೆದು ತೂತಿನ ಮೇಲೆ ಸಡಿಲವಾಗಿ ಇಡಿ. ಸಣ್ಣಗೆ ನಡುಗಿದರೆ ಪರವಾಗಿಲ್ಲ. ಪಟಪಟ ಕುಣಿದು ಹಾರಿಬಿದ್ದರೆ, ಹೊಗೆ ಬುಸುಗುಟ್ಟಿದರೆ ರಿಂಗು ಸವೆದು ಗಾಳಿ ಕೆಳಗಿಳಿಯುತ್ತಿದೆ. ಆಯಿಲ್ ಪ್ರೆಶರನ್ನೂ ಬಿಸಿಯಲ್ಲೇ ನೋಡಬೇಕು, ತಣ್ಣಗಿದ್ದಾಗ ಎಲ್ಲ ಎಂಜಿನ್ನೂ ಚೆನ್ನಾಗಿಯೇ ತೋರಿಸುತ್ತವೆ. ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗ ಮಾತ್ರ ತೆಗೆಯಿರಿ. ಒಳಗೆ ಬರೀ ತುಕ್ಕು ನೀರಿದ್ದರೆ ಆ ಮಾಲೀಕರು ಬೇರೆ ಕಡೆಯೂ ಹಾಗೇ ನಡೆಸಿರುತ್ತಾರೆ. ಹಿಮ ಬೀಳುವ ಜಾಗದ ಗಾಡಿಯಾದರೆ ನೀರು ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಸೀಳಿರುವುದೂ ಉಂಟು. ಬ್ಲಾಕಿನ ಎರಡೂ ಪಕ್ಕ ಬೆಸುಗೆ ಗುರುತು ಹುಡುಕಿ.

ಬ್ಯಾಟರಿ ಮೀಟರಿನಲ್ಲಿ ನಿಂತಾಗ 12.6 ವೋಲ್ಟ್ ಆಸುಪಾಸು, ಓಡುವಾಗ 14ರ ಹತ್ತಿರ ಇರಬೇಕು. ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಬದಲು ಮಾರುವವರು ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿಗೆ ಕಿಡಿ ಹೊಡೆಸುತ್ತಿದ್ದರೆ ತಡೆಯಿರಿ. ಗೇರಿನಲ್ಲಿದ್ದರೆ ಗಾಡಿ ಪಕ್ಕದಲ್ಲಿ ನಿಂತವರ ಮೇಲೇ ಹತ್ತುತ್ತದೆ. ಹೀಗೆ ಸತ್ತವರಿದ್ದಾರೆ.

ಮುಂಭಾಗ ಮತ್ತು ಟೈರು

ಮುಂದಿನ ಎಕ್ಸಲಿನ ನಡುವಿನ ದಪ್ಪ ಪಿನ್ನಿನ ಹತ್ತಿರ ನಿಂತು, ಇನ್ನೊಬ್ಬರಿಂದ ಸ್ಟೇರಿಂಗ್ ಎಡಬಲ ಆಡಿಸಿ. ಚಕ್ರ ತಿರುಗುವ ಮೊದಲು ಎಕ್ಸಲೇ ಅಲ್ಲಾಡಿದರೆ ಪಿನ್ನು, ಬುಶ್ ಸವೆದಿವೆ. ಮುಂದೆ ಲೋಡರ್ ಬಕೆಟ್ ಇರುವ ಸಣ್ಣ ಗಾಡಿಗಳಲ್ಲಿ ಇದು ಖಂಡಿತ ನೋಡಲೇಬೇಕು. ಬಕೆಟ್ಟಿನ ಭಾರವೆಲ್ಲ ಬೀಳುವುದು ಅಲ್ಲಿಗೇ.

ನಾಲ್ಕು ಚಕ್ರವೂ ಎಳೆಯುವ ಗಾಡಿಯಾದರೆ ನಾಲ್ಕೂ ಟೈರಿನ ಅಳತೆ ಬರೆದುಕೊಂಡು ಕಂಪನಿ ಕೊಟ್ಟ ಅಳತೆಗೆ ಹೋಲಿಸಿ. ಮುಂದಿನ ಚಕ್ರ ಹಿಂದಿನದಕ್ಕಿಂತ ಸ್ವಲ್ಪ, ಅಂದರೆ ಶೇ. 1ರಿಂದ 5ರಷ್ಟು, ಮುಂದಾಗಿ ತಿರುಗುವ ಹಾಗೆ ಅದನ್ನು ಮಾಡಿರುತ್ತಾರೆ. ಕೈಗೆ ಸಿಕ್ಕ ಟೈರು ಹಾಕಿ ಈ ಲೆಕ್ಕ ತಪ್ಪಿಸಿದ್ದರೆ ಮುಂದಿನ ಗೇರುಗಳು ಸದಾ ಒದ್ದಾಡಿ ಸವೆಯುತ್ತವೆ.

ಟೈರಿನ ಹಲ್ಲು ಎತ್ತರ ಇದ್ದರೆ ಸಾಲದು, ಪಕ್ಕದ ಗೋಡೆ ಬಿರಿದಿದೆಯಾ ನೋಡಿ. ಹಲವು ಟೈರುಗಳ ಮೇಲೆ ನಾಲ್ಕಂಕಿಯ ತಯಾರಿ ಗುರುತು ಇರುತ್ತದೆ. 2314 ಅಂತಿದ್ದರೆ 2014ರ 23ನೇ ವಾರ. ಭಾರಕ್ಕೆ ಅಂತ ಟೈರಿನೊಳಗೆ ಉಪ್ಪಿನ ದ್ರಾವಣ ತುಂಬಿದ್ದರೆ ವಾಲ್ವಿನ ಸುತ್ತ ರಿಮ್ ತಿಂದುಹೋಗಿರುತ್ತದೆ, ಅಲ್ಲಿ ಬೆರಳಿನಿಂದ ಕೆರೆದು ನೋಡಿ.

ತಲೆಯ ಮೇಲಿನ ಕಂಬಿ

ಸೀಟಿನ ಹಿಂದೆ ಎದ್ದು ನಿಂತಿರುವ ಗಟ್ಟಿ ಕಂಬಿ, ಅದರ ಜೊತೆಗೆ ಬೆಲ್ಟು. ಗಾಡಿ ಮಗುಚಿದಾಗ ಓಡಿಸುವವರನ್ನು ಉಳಿಸುವುದು ಇವೆರಡೇ. ಹೊಸ ಟ್ರ್ಯಾಕ್ಟರುಗಳಿಗೆ ಇಂಥ ರಕ್ಷಣೆ ಇರಲೇಬೇಕು ಅಂತ ಸ್ವೀಡನ್ 1959ರಲ್ಲೇ ಕಾನೂನು ಮಾಡಿತು. ಅದಕ್ಕಿಂತ ಹಳೇ ಮಾಡೆಲ್‌ಗಳಲ್ಲಿ, ಆಮೇಲಿನ ಎಷ್ಟೋ ಗಾಡಿಗಳಲ್ಲೂ ಇದು ಇರುವುದಿಲ್ಲ. ಕೊಂಬೆಗೆ ತಾಗುತ್ತದೆ ಅಂತ ಕೊಯ್ದು ಹಾಕಿದವರೂ ಇದ್ದಾರೆ. ಜಮೀನಿನಲ್ಲಿ ಇಳಿಜಾರು, ಕಟ್ಟೆ, ಕಾಲುವೆ ಏನಾದರೂ ಇದ್ದರೆ ಕಂಬಿ ಇಲ್ಲದ ಗಾಡಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಆ ಮಾಡೆಲಿಗೆ ಪರೀಕ್ಷೆ ಮಾಡಿ ತಯಾರಿಸಿದ ಕಂಬಿ ಸಿಗುತ್ತದೆಯಾ ಅಂತ ಮೊದಲು ವಿಚಾರಿಸಿ. ಪೈಪು ಬೆಸೆದು ಮನೆಯಲ್ಲೇ ಮಾಡಿದ್ದು ಲೆಕ್ಕಕ್ಕಿಲ್ಲ. ಮಡಚುವ ಕಂಬಿ ಇದ್ದರೆ ಎತ್ತಿ ನಿಲ್ಲಿಸಿರುವಾಗ ಬೆಲ್ಟು ಹಾಕಿ. ಮಡಚಿರುವಾಗ ಬೆಲ್ಟು ಹಾಕಬಾರದು.

ಕಂಬಿ ಇದ್ದರೂ ಮರದ ಬೊಡ್ಡೆ ಎಳೆಯಲು ಟಾಪ್ ಲಿಂಕಿಗೋ ಎಕ್ಸಲಿಗೋ ಸರಪಣಿ ಕಟ್ಟಬೇಡಿ. ಎಳೆತ ಎತ್ತರದಿಂದ ಬಂದರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ, ಕ್ಲಚ್ ಒತ್ತುವಷ್ಟು ಸಮಯವೂ ಸಿಗುವುದಿಲ್ಲ. ಎಳೆಯುವುದೇನಿದ್ದರೂ ಕೆಳಗಿನ ಡ್ರಾಬಾರಿನಿಂದ.

ದುಡ್ಡು ಕೊಡುವ ಮುಂಚೆ ಒಂದು ಫೋನು

ಗಾಡಿ ಇಷ್ಟವಾಯಿತು ಅಂತಿಟ್ಟುಕೊಳ್ಳಿ. ಅಲ್ಲೇ ನಿಂತು ಬಿಡಿಭಾಗ ಮಾರುವವರಿಗೆ ಫೋನ್ ಮಾಡಿ, ಮಾಡೆಲ್ ನಂಬರ್ ಹೇಳಿ ನಾಲ್ಕು ಸಾಮಾನು ಕೇಳಿ: ಕ್ಲಚ್ ಪ್ಲೇಟ್, ಲಿಫ್ಟ್ ಪಂಪಿನ ಸೀಲ್ ಕಿಟ್, ವಾಟರ್ ಪಂಪು, ಸ್ಟೇರಿಂಗಿನ ಬಾಲ್ ಜಾಯಿಂಟು. ನಾಲ್ಕೂ ಇವೆ ಅಂದರೆ ಆ ಗಾಡಿಗೆ ಇನ್ನೂ ಆಯಸ್ಸಿದೆ. "ಹುಡುಕಬೇಕು" ಅಂದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಯೋಚಿಸಿ. ಜಪಾನಿನಲ್ಲಿ ಓಡಿ ಹೊರದೇಶಕ್ಕೆ ಸಾಗಿಸಿದ ಕುಬೋಟಾ, ಯಾನ್ಮಾರ್, ಇಸೆಕಿ ಸಣ್ಣ ಗಾಡಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ, ಓಡಿಸಲು ನನಗೂ ಇಷ್ಟ. ಆದರೆ ಅಲ್ಲಿನ ಮಾಡೆಲ್ ನಂಬರೇ ಬೇರೆ, ಸ್ಟಿಕ್ಕರೆಲ್ಲ ಜಪಾನಿ ಲಿಪಿಯಲ್ಲಿ. ಅದೇ ಕಂಪನಿಯ ಮಾರಾಟಗಾರರಾದರೂ ಆ ನಂಬರಿನ ಸಾಮಾನು ಇಟ್ಟಿರಬೇಕು ಅಂತೇನಿಲ್ಲ.

ಕಾಗದ ಪತ್ರದಲ್ಲಿ ನೋಡಬೇಕಾದ್ದು ಕಡಿಮೆ. ಚಾಸಿ ನಂಬರು, ಎಂಜಿನ್ ನಂಬರು ಕಾಗದದ ಜೊತೆ ತಾಳೆಯಾಗಬೇಕು, ನಂಬರ್ ಕೆತ್ತಿದ ಜಾಗ ಉಜ್ಜಿರಬಾರದು, ಗಾಡಿಯ ಮೇಲೆ ಸಾಲ ಉಳಿದಿರಬಾರದು.

ಬೆಲೆ ಮಾತಾಡುವಾಗ ಜೊತೆಗೆ ಕೊಡುವ ಉಪಕರಣ ಕೇಳಿ. ಒಳ್ಳೇ ಮೋವರ್, ನೆಲ ಸಮ ಮಾಡುವ ಬ್ಲೇಡು, ಟ್ರೇಲರ್ ಬೇರೆಯಾಗಿ ಕೊಳ್ಳಲು ಹೋದರೆ ಖರ್ಚು ಎಲ್ಲಿಗೋ ಹೋಗುತ್ತದೆ. ಮಾರುವವರಿಗೆ ಮಾತ್ರ ಗಾಡಿ ಹೋದ ಮೇಲೆ ಅವು ಜಾಗ ತಿನ್ನುವ ಕಬ್ಬಿಣ ಅಷ್ಟೇ. ಸುಮಾರಾದ ಗಾಡಿ, ಜೊತೆಗೆ ಮೂರು ಒಳ್ಳೇ ಉಪಕರಣ ಸಿಕ್ಕರೆ ಒಂಟಿ ಗಾಡಿಗಿಂತ ಅದೇ ಮೇಲು.

ಮನೆಗೆ ತಂದ ವಾರದಲ್ಲೇ ಎಂಜಿನ್, ಗೇರ್‌ಬಾಕ್ಸ್, ಲಿಫ್ಟ್ ಎಲ್ಲದರ ಆಯಿಲ್, ಎಲ್ಲ ಫಿಲ್ಟರ್, ರೇಡಿಯೇಟರಿನ ಕೂಲೆಂಟ್ ಬದಲಿಸಿ. "ಮೊನ್ನೆ ತಾನೇ ಹಾಕಿಸಿದ್ದು" ಅಂದಿದ್ದರೂ ಬದಲಿಸಿ. ಹಳೇ ಆಯಿಲ್ ಫಿಲ್ಟರನ್ನು ಬಿಸಾಡುವ ಮೊದಲು ಗರಗಸದಲ್ಲಿ ಕೊಯ್ದು, ಒಳಗಿನ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಕಪ್ಪು ಮಸಿ ಇದ್ದರೆ ಇರಲಿ. ಹಿತ್ತಾಳೆ ಬಣ್ಣದ ಚೂರು ಮಿನುಗಿದರೆ ಬೇರಿಂಗೋ ಬುಶ್ಶೋ ಸವೆಯುತ್ತಿರಬಹುದು, ಆಗ ಭಾರದ ಕೆಲಸಕ್ಕೆ ಹಚ್ಚುವ ಮೊದಲು ಎಂಜಿನ್ನಿನ ಕೆಳಗಿನ ಸಂಪ್ ಬಿಚ್ಚಿಸಿ ನೋಡಿ.